ಹಗಲಲ್ಲಿ ಉರಿದ ಎಂಟನೆಯ ದೀಪ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹೆಡ್‌ಮೇಷ್ಟ್ರ ಮನೆಯ ಮಾಲಿ ತೋಟದ ಮೆಟ್ಟಿಲ ಬಳಿ ಬಿದ್ದಿದ್ದ. ಬಲಗೈ ದೀಪದ ಕಂಬದ ಬುಡದಲ್ಲಿತ್ತು. ಪಕ್ಕದಲ್ಲಿ ಪೈಪು ಸುಮ್ಮನೆ ನೀರು ಸುರಿಸುತ್ತಿತ್ತು. ಉಸಿರಿರಲಿಲ್ಲ.

ಅದೇ ಹೊತ್ತಿಗೆ ಹಿಂದಿನ ಗೇಟು ತೆಗೆದು ಒಳಗೆ ಬಂದವಳು ಮೇಷ್ಟ್ರ ಮಗಳು. ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಸಿಸ್ಟರ್. ಎದೆ ಒತ್ತಿ, ಉಸಿರು ಊದಿ, ಹೊರಟುಹೋಗಿದ್ದ ಜೀವವನ್ನು ಹಿಡಿದೆಳೆದು ತಂದಳು. ಆಂಬುಲೆನ್ಸು ಬರುವ ಹೊತ್ತಿಗೆ ಮಾಲಿ ಒಂದು ಸಲ ಕೆಮ್ಮಿದ.

ಮಧ್ಯಾಹ್ನದೊಳಗೆ ನಮ್ಮ ಕಚೇರಿಗೆ ದೂರು ತಲುಪಿತು. ಎಲ್ಲಿ ಯಾರಿಗೆ ಕರೆಂಟು ಹೊಡೆದರೂ ಹೋಗಿ ನೋಡಿ, ಹನ್ನೊಂದು ಕಾಲಂಗಳ ಫಾರಂ ತುಂಬುವುದು ನಮ್ಮ ಕೆಲಸ. ನೋಡುವವರು ಇನ್‌ಸ್ಪೆಕ್ಟರ್ ಮೇಡಂ, ತುಂಬುವವನು ಗುಮಾಸ್ತನಾದ ನಾನು. ಮೇಡಂಗೆ ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ಮಂಡಿಗಳು ಆಗಲೇ ನಿವೃತ್ತಿ ಪಡೆದಿದ್ದವು. ತುರುಬಿನಲ್ಲಿ ಸದಾ ಒಂದು ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಾರಾದ್ದರಿಂದ ಬೆನ್ನ ಹಿಂದೆ ನಾವು ಅವರನ್ನು ಟೆಸ್ಟರಮ್ಮ ಎನ್ನುತ್ತೇವೆ. ಅದು ಅವರಿಗೂ ಗೊತ್ತು.

ದೂರು ಬರೆದವರು ಸ್ವತಃ ಹೆಡ್‌ಮೇಷ್ಟ್ರು. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ಒಂದೂವರೆ ತಿಂಗಳ ಹಿಂದೆ ತೋಟಕ್ಕೆ ಎಂಟು ದೀಪ ಹಾಕಿದ ಎಲೆಕ್ಟ್ರಿಷಿಯನ್ನನ ಬೇಜವಾಬ್ದಾರಿಯಿಂದ ಬಡವನೊಬ್ಬ ಸಾವಿನ ಬಾಗಿಲು ತಟ್ಟಿ ಬಂದಿದ್ದಾನೆ. ಆತನ ಲೈಸೆನ್ಸು ರದ್ದಾಗಬೇಕು.

“ಅಕ್ಷರ ಚೆನ್ನಾಗಿದೆ,” ಎಂದರು ಮೇಡಂ ಕನ್ನಡಕ ತೆಗೆಯುತ್ತ. “ಕೋಪದಲ್ಲಿ ಬರೆದೋರ ಅಕ್ಷರ ಇಷ್ಟು ಚೆನ್ನಾಗಿರಲ್ಲ.”

ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಮೇಷ್ಟ್ರುಗಳ ಅಕ್ಷರ ಚೆನ್ನಾಗಿಯೇ ಇರುತ್ತದೆ.

ಬುಧವಾರ ಹತ್ತು ಗಂಟೆಗೆ ನಾವು ಹೋದಾಗ ಎಲೆಕ್ಟ್ರಿಷಿಯನ್ ಗೇಟಿನ ಹೊರಗೆ ತನ್ನ ಸ್ಟೂಲಿನ ಮೇಲೆ ಕುಳಿತಿದ್ದ. ಕುಳ್ಳಗಿನ ಮನುಷ್ಯ. ಹೋದಲ್ಲೆಲ್ಲ ತನ್ನದೇ ಸ್ಟೂಲು ಹೊತ್ತುಕೊಂಡು ಹೋಗುವುದರಿಂದ ಗಿರಾಕಿಗಳ ಬಾಯಲ್ಲಿ ಸ್ಟೂಲಣ್ಣ. ಕಣ್ಣುಗಳು ಕೆಂಪಾಗಿದ್ದವು.

“ಬರ್ಕೊಳ್ಳಿ ಸಾರ್,” ಎಂದ ನನ್ನ ಕಡೆ ನೋಡಿ. “ನಂದೇ ತಪ್ಪು ಅಂತ ಬರ್ಕೊಳ್ಳಿ. ಸೈನ್ ಹಾಕ್ತೀನಿ.”

“ಯಾವ ತಪ್ಪು?” ಮೇಡಂ ಕೇಳಿದರು.

“ಗೊತ್ತಿಲ್ಲ ಮೇಡಂ. ರಾತ್ರಿಯೆಲ್ಲ ಯೋಚಿಸ್ದೆ, ಸಿಗ್ಲಿಲ್ಲ. ಆದ್ರೆ ದೀಪ ಹಾಕಿದ್ದು ನಾನು. ಅವತ್ತು ಮೂರು ಮನೆ ಕೆಲಸ ಮುಗಿಸಿ ಬಂದಿದ್ದೆ. ಕೈ ಸೋತಿತ್ತು. ಎಲ್ಲೋ ತಪ್ಪಿರ್ಬೇಕು.”

“ಲೈಸೆನ್ಸು ಹೋದ್ರೆ?”

“ಇಪ್ಪತ್ತಾರು ವರ್ಷ ಇದೇ ಮಾಡಿದೀನಿ. ಬೇರೆ ಏನೂ ಬರಲ್ಲ.”

“ಯಾವ ತಪ್ಪು ಅಂತ ಗೊತ್ತಿಲ್ದೆ ಒಪ್ಕೊಂಡ್ರೆ ನಾನು ಯಾವ ಕಾಲಂನಲ್ಲಿ ಬರೆಸ್ಲಿ? ಏಳಿ. ಮಾಡಿದ್ದನ್ನ ತೋರಿಸಿ.”

ತೋರಿಸಿದ. ವರಾಂಡದ ಗೋಡೆಯಲ್ಲಿ ಒಂದು ಸಾಕೆಟ್, ಅದಕ್ಕೆ ಮಳೆ ತಾಗದಂತೆ ಮುಚ್ಚಳ. ಕರೆಂಟು ಸ್ವಲ್ಪ ಸೋರಿದರೂ ತಾನೇ ಬೀಳುವ ಟ್ರಿಪ್ ಸ್ವಿಚ್ಚಿನ ಮೂಲಕ ಅದಕ್ಕೆ ಲೈನು ಬಂದಿತ್ತು. ಸಾಕೆಟ್ಟಿಗೆ ಸಿಕ್ಕಿಸಿದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಮನೆಯ ಇನ್ನೂರ ಮೂವತ್ತು ವೋಲ್ಟು ಒಳಗೆ ಹೋಗಿ ಬರೀ ಹನ್ನೆರಡಾಗಿ ಹೊರಗೆ ಬರುತ್ತದೆ. ಅಲ್ಲಿಂದ ತೆಳುವಾದ ಜೋಡಿ ವೈರು ಒಂದು ಗೇಣು ಮಣ್ಣಿನಡಿ ಇಳಿದು, ಎಂಟು ಮೊಣಕಾಲೆತ್ತರದ ಲೋಹದ ಕಂಬಗಳಿಗೆ ಹೋಗುತ್ತದೆ. ಒಂದೊಂದರಲ್ಲೂ ಮೂರು ವಾಟಿನ ಪುಟ್ಟ ದೀಪ. ಪೆಟ್ಟಿಗೆಯ ಟೈಮರ್ ಸಂಜೆ ಆರೂವರೆಗೆ ದೀಪ ಹಚ್ಚಿ ಹತ್ತೂವರೆಗೆ ತಾನೇ ಆರಿಸುತ್ತದೆ.

ಮೇಡಂ ಅಳೆದರು. ಬಿಚ್ಚಿ ನೋಡಿದರು. ಮತ್ತೆ ಅಳೆದರು.

“ಇದರಲ್ಲಿ ತಪ್ಪು ಹುಡುಕೋದು ಮೊಸರಲ್ಲಿ ಕಲ್ಲು ಹುಡುಕಿದ ಹಾಗೆ,” ಎಂದರು. “ಈ ಕೆಲಸ ಯಾರನ್ನೂ ಕೆಡವೋ ಹಾಗಿಲ್ಲ.”

ಸ್ಟೂಲಣ್ಣನಿಗೆ ಸಂತೋಷವಾಗಲಿಲ್ಲ. ಸ್ಟೂಲಿನ ಮೇಲೆ ಕುಸಿದ. “ಮತ್ತೆ ಮಾಲಿ ಯಾಕೆ ಬಿದ್ದ ಮೇಡಂ?”

ಟೈಮರನ್ನು ಕೈಯಲ್ಲೇ ತಿರುಗಿಸಿದೆವು. ಏಳು ದೀಪ ಹತ್ತಿದವು. ಎಂಟನೆಯದು ಹತ್ತಲಿಲ್ಲ.

ಅದು ಇದ್ದದ್ದು ತೋಟದ ತುದಿಯಲ್ಲಿ, ಹಿಂದಿನ ಗೇಟಿನಿಂದ ಇಳಿಯುವ ಮೂರು ಕಲ್ಲಿನ ಮೆಟ್ಟಿಲ ಪಕ್ಕ. ನಾಲ್ಕು ಹೆಜ್ಜೆ ಆಚೆ ಪಂಪ್ ಶೆಡ್ಡು. ಹಾದಿಯ ಹುಲ್ಲು ಹಸಿರಾಗಿತ್ತು. ಶೆಡ್ಡಿನಿಂದ ಕಂಬದವರೆಗೆ ಮಾತ್ರ ಗೇಣಗಲದ ಒಂದು ಪಟ್ಟಿ ಹಳದಿಗೆ ತಿರುಗಿತ್ತು. ಹೆಡ್‌ಮೇಷ್ಟ್ರು ಅಷ್ಟರಲ್ಲಿ ಬಂದು ಅದೇ ಪಟ್ಟಿಯ ಮೇಲೆ ನಿಂತರು. ಎತ್ತರದ, ನೆಟ್ಟಗಿನ ಆಳು. ಮನೆಯಲ್ಲೂ ಶರ್ಟಿನ ಕತ್ತಿನ ಗುಂಡಿ ಬಿಡದವರು.

“ಇದು ಯಾವಾಗಿಂದ ಉರೀತಿಲ್ಲ ಮೇಷ್ಟ್ರೇ?”

“ನಿನ್ನೆಯಿಂದ. ಸುಟ್ಟುಹೋಗಿರಬೇಕು.”

“ಆಮೇಲೆ ಯಾರಾದ್ರೂ ಮುಟ್ಟಿದ್ರಾ?”

“ಯಾರೂ ಮುಟ್ಟಿಲ್ಲ. ಮುಟ್ಟೋ ಧೈರ್ಯ ಯಾರಿಗಿದೆ?”

“ಹುಲ್ಲು ಯಾಕೆ ಹೀಗೆ?”

“ಗೆದ್ದಲು.”

ಮಹಡಿಯಿಂದ ಇಳಿದು ಬಂದವರು ಮೇಷ್ಟ್ರ ಭಾವಮೈದ, ತೀರಿಕೊಂಡ ಹೆಂಡತಿಯ ತಮ್ಮ. ಹಳೆಯ ರೇಡಿಯೋ ಬಿಚ್ಚುವುದೇ ಅವರ ಕಸುಬು, ಹವ್ಯಾಸ, ಸಂಸಾರ ಎಲ್ಲ. ಜೋಡಿಸಿದ್ದನ್ನು ಕಂಡವರು ಕಡಿಮೆ. ಬೀದಿಗೆಲ್ಲ ರೇಡಿಯೋ ಮಾವ. ಪಂಪ್ ಶೆಡ್ಡಿನ ಅರ್ಧ ಭಾಗ ಅವರ ಸಾಮಾನೇ ತುಂಬಿತ್ತು. ವೈರಿನ ಜೊತೆ ಆಟವಾಡುವವರು ಈ ಮನೆಯಲ್ಲಿ ಯಾರು ಎಂದರೆ ಯಾರಾದರೂ ಇವರ ಕಡೆಗೇ ಬೆರಳು ಮಾಡುತ್ತಿದ್ದರು. ನಾನೂ ಮನಸ್ಸಿನಲ್ಲೇ ಮಾಡಿದೆ.

“ಈ ಕೊನೇ ದೀಪ ಶುರುವಲ್ಲಿ ಮಿಣುಕು ಹುಳದ ಹಾಗಿತ್ತು ಮೇಡಂ,” ಎಂದರು ರೇಡಿಯೋ ಮಾವ. “ರಿಪೇರಿ ಆದ್ಮೇಲೆ ನೋಡಿ, ಎರಡು ವಾರದಿಂದ ಚೆನ್ನಾಗಿ ಉರೀತಿತ್ತು.”

“ರಿಪೇರಿನಾ?” ಸ್ಟೂಲಣ್ಣ ತಲೆ ಎತ್ತಿದ. “ನಾನು ಬಂದೇ ಇಲ್ವಲ್ಲ. ಸಿಸ್ಟರ್ ಮೂರು ಸಲ ಫೋನ್ ಮಾಡಿದ್ರು. ಡ್ಯೂಟಿ ಮುಗಿಸಿ ಬರೋವಾಗ ಮೆಟ್ಲು ಕಾಣಲ್ಲ, ಒಂದ್ಸಲ ಜಾರಿ ಬಿದ್ದೆ ಅಂದ್ರು. ಲೈನು ಉದ್ದ, ವೈರು ತೆಳು. ತುದಿಗೆ ಹೋಗೋ ಹೊತ್ಗೆ ವೋಲ್ಟೇಜು ಇಳಿದುಹೋಗುತ್ತೆ. ದಪ್ಪ ವೈರು ಎಳೀಬೇಕು, ನಾಳೆ ಬರ್ತೀನಿ ಅಂದೆ.” ಆರಿದ ದೀಪದ ಕಡೆ ನೋಡಿದ. “ಆ ನಾಳೆ ಬರ್ಲೇ ಇಲ್ಲ.”

ಮೇಷ್ಟ್ರು ಕೆಮ್ಮಿದರು. ಮೇಡಂ ರೇಡಿಯೋ ಮಾವನ ಕಡೆ ತಿರುಗಿದರು.

“ಮಾಲಿ ಬಿದ್ದಾಗ ನೀವೆಲ್ಲಿದ್ರಿ?”

“ಬಾಲ್ಕನಿಯಲ್ಲಿ ಹಲ್ಲುಜ್ತಿದ್ದೆ. ಅವನು ಬಿದ್ದಿದ್ದು ಕಾಣ್ಲಿಲ್ಲ. ಗೇಟಿನ ಸದ್ದಿಗೆ ತಿರುಗಿದೆ. ಹುಡುಗಿ ಒಳಗೆ ಬಂದ್ಲು. ಅವನ್ನ ನೋಡಿದ್ಲು. ಬ್ಯಾಗು ಎಸೆದು ಶೆಡ್ಡಿಗೆ ಓಡಿದ್ಲು. ವಾಪಸ್ ಓಡಿ ಬಂದು ಎದೆ ಒತ್ತೋಕೆ ಕೂತ್ಲು. ಅಷ್ಟರಲ್ಲಿ ನಾನೂ ಇಳಿದೆ.”

“ಶೆಡ್ಡಿಗೆ ಯಾಕೆ?”

“ನೀರು ತರೋಕೆ ಇರ್ಬೇಕು.”

“ತಂದ್ಲಾ?”

ರೇಡಿಯೋ ಮಾವ ಯೋಚಿಸಿದರು. “ಇಲ್ಲ. ಗಾಬರಿ, ಪಾಪ.”

ಇದನ್ನೆಲ್ಲ ಚಾಚೂ ತಪ್ಪದೆ ಬರೆದುಕೊಂಡೆ. ಬರೆದದ್ದು ನನ್ನ ಕೈ. ತಲೆ ಆ ಹೊತ್ತಿಗೆ ಊಟದ ಯೋಚನೆಯಲ್ಲಿತ್ತು.

ಶೆಡ್ಡಿನೊಳಗೆ ಹಳೇ ಕಾಲದ ಮರದ ಬೋರ್ಡು. ಒಂದು ಪಂಪಿನ ಸ್ವಿಚ್ಚು, ಒಂದು ಸಾಕೆಟ್. ಈ ಲೈನು ಮನೆಗೆ ಟ್ರಿಪ್ ಸ್ವಿಚ್ಚು ಬರುವ ಮೊದಲೇ ಎಳೆದದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ರೇಡಿಯೋ ಮಾವನ ಮೇಜಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಐದು ಸುರುಳಿ. ಮೇಡಂ ಅವನ್ನು ಎಣಿಸಿ, ಸುಮ್ಮನೆ ಹೊರಗೆ ಬಂದರು. ಉಳಿದವರನ್ನು ವರಾಂಡಕ್ಕೆ ಕಳಿಸಿ, ನನ್ನ ಹೆಗಲು ಹಿಡಿದು ಎಂಟನೆಯ ಕಂಬದ ಬಳಿ ನಿಧಾನಕ್ಕೆ ಕುಕ್ಕರಿಸಿದರು. ದೀಪದ ಟೋಪಿ ಓರೆಯಾಗಿತ್ತು. ತಿರುಗಿಸಿ ತೆಗೆದರು. ತುರುಬಿನ ಟೆಸ್ಟರಿನಿಂದ ಕೊಳವೆಯೊಳಗೆ ಕೆದಕಿದರು.

ಒಂದು ತುಂಡು ಮೇಲೆ ಬಂತು. ಹೊಸೆದ ಎರಡು ತಾಮ್ರದ ಎಳೆ, ಹರಿದ ತುದಿ. ಸುತ್ತ ಅಂಟಿಸಿದ್ದು ಕಪ್ಪು ಟೇಪಲ್ಲ. ಗಾಯಕ್ಕೆ ಹಾಕುವ, ಚರ್ಮದ ಬಣ್ಣದ ಬಟ್ಟೆಯ ಪ್ಲಾಸ್ಟರು. ಇನ್ನೂ ತೇವವಿತ್ತು.

“ಯಾರೋ ಕಳೆ ಕಿತ್ತ ಹಾಗೆ ಕಿತ್ತಿದಾರೆ,” ಎಂದರು ಮೇಡಂ. “ಬೇರು ಉಳಿದಿದೆ.” ಅದನ್ನು ಲಕೋಟೆಗೆ ಹಾಕಿ, ಏಳಲು ಮತ್ತೆ ನನ್ನ ಹೆಗಲು ಕೇಳಿದರು.

ಆಸ್ಪತ್ರೆಯಲ್ಲಿ ಮಾಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಂಗೈಗೆ ಬ್ಯಾಂಡೇಜು. ಮಾತ್ರೆಯ ಟ್ರೇ ಹಿಡಿದು ಕಾಲಿನ ಕಡೆ ನಿಂತಿದ್ದವಳು ಸಿಸ್ಟರ್. ಮೂವತ್ತರ ಹೆಂಗಸು, ಕಣ್ಣ ಕೆಳಗೆ ನಲವತ್ತರ ಕಪ್ಪು.

“ಏನಾಯ್ತಪ್ಪ?”

“ನೀರು ಬಿಡ್ತಿದ್ದೆ. ಕಂಬ ವಾಲಿತ್ತು. ನೆಟ್ಟಗೆ ಮಾಡೋಣ ಅಂತ ಹಿಡ್ಕೊಂಡೆ. ಅಷ್ಟೇ ಗೊತ್ತು.”

“ದೀಪ ಉರೀತಿತ್ತಾ?”

ಮಾಲಿ ಉತ್ತರಿಸುವ ಮೊದಲು ಸಿಸ್ಟರ್ ಕಡೆ ನೋಡಿದ. “ಉರೀತಿತ್ತು.”

“ಬೆಳಕು ಹರಿದಿತ್ತಲ್ಲ?”

“ಹರಿದಿತ್ತು. ಆದ್ರೂ ಉರೀತಿತ್ತು.”

ಪಾಪ, ಶಾಕ್ ತಲೆಗೆ ಹತ್ತಿದೆ ಎಂದುಕೊಂಡು ಆ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ. ನಾವು ಏಳುವಾಗ ಅವನು ಮೆಲ್ಲಗೆ ಕರೆದ.

“ಮೇಡಂ, ಒಂಬತ್ತು ವಾಟಿನ ಬಲ್ಬು ಮನುಷ್ಯನ್ನ ಕೊಲ್ಲುತ್ತಾ?”

ಮೇಡಂ ಮತ್ತೆ ಕುಳಿತರು. ಅವರ ಮಂಡಿಯ ಮಟ್ಟಿಗೆ ಅದು ಸಣ್ಣ ತ್ಯಾಗವಲ್ಲ. “ಬಾವಿಯಿಂದ ಒಂದು ಚೊಂಬು ನೀರು ಸೇದಿದ್ರೂ ಒಂದೇ, ಹತ್ತು ಕೊಡ ಸೇದಿದ್ರೂ ಒಂದೇ. ಬಾವಿ ಆಳ ಕಡಿಮೆ ಆಗಲ್ಲ. ವಾಟು ಅಂದ್ರೆ ಬಲ್ಬು ಎಷ್ಟು ಸೇದುತ್ತೆ ಅನ್ನೋ ಲೆಕ್ಕ ಅಷ್ಟೇ. ಬಿದ್ದೋನು ಬೀಳೋದು ಬಾವಿಗೆ, ಚೊಂಬಿಗಲ್ಲ.”

ಟ್ರೇಯಲ್ಲಿ ಮಾತ್ರೆಯ ಡಬ್ಬಿಗಳು ಸದ್ದು ಮಾಡಿದವು. ಮಾಲಿ ಮತ್ತೆ ಗೋಡೆಯ ಕಡೆ ತಿರುಗಿದ.

ಹೊರಡುವ ಮುನ್ನ ಮೇಡಂ ನರ್ಸುಗಳ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದ ಡ್ಯೂಟಿ ಚಾರ್ಟನ್ನು ತುಂಬ ಹೊತ್ತು ಓದಿದರು. ಅವರ ಬಾಡಿದ ಮುಖ ಇನ್ನಷ್ಟು ಬಾಡಿತು.

“ಸಂಜೆ ಐದಕ್ಕೆ ಎಲ್ರನ್ನೂ ಮೇಷ್ಟ್ರ ಮನೇಲಿ ಸೇರಿಸಿ,” ಎಂದರು. “ಈ ಸಲ ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಕಣ್ರೀ.”

ಸಂಜೆ ವರಾಂಡದಲ್ಲಿ ನಾಲ್ವರು: ಮೇಷ್ಟ್ರು ಕುರ್ಚಿಯಲ್ಲಿ, ರೇಡಿಯೋ ಮಾವ ಕಟ್ಟೆಯ ಮೇಲೆ, ಸ್ಟೂಲಣ್ಣ ಎಂದಿನಂತೆ ಸ್ಟೂಲಿನ ಮೇಲೆ, ಡ್ಯೂಟಿಯ ನಡುವೆ ಬಿಡುವು ಕೇಳಿ ಬಂದ ಸಿಸ್ಟರ್ ಕಂಬಕ್ಕೊರಗಿ. ಅವಳು ಕೂರಲಿಲ್ಲ.

“ಮೊದಲು ಒಂದು ಮಾತು,” ಎಂದರು ಮೇಡಂ. “ಟ್ರಾನ್ಸ್‌ಫಾರ್ಮರಿನ ಟೈಮರ್ ರಾತ್ರಿ ಹತ್ತೂವರೆಗೆ ಆರುತ್ತೆ. ಬೆಳಿಗ್ಗೆ ಏಳಕ್ಕೆ ಈತ ಎಳೆದ ವೈರಲ್ಲಿ ಕರೆಂಟೇ ಇರ್ಲಿಲ್ಲ. ಆದ್ರೆ ಎಂಟನೇ ದೀಪ ಉರೀತಿತ್ತು. ನಮ್ಮ ಗುಮಾಸ್ತರು ಅದಕ್ಕೆ ಪ್ರಶ್ನೆ ಚಿಹ್ನೆ ಹಾಕಿದಾರೆ. ನಾನು ಹಾಕಲ್ಲ.”

ನಾನು ಪೆನ್ನಿನ ಮುಚ್ಚಳ ನೋಡಿಕೊಂಡೆ.

“ಹಾಗಾದ್ರೆ ಅದಕ್ಕೆ ಕರೆಂಟು ಬೇರೆ ಕಡೆಯಿಂದ ಬಂದಿತ್ತು. ಎಲ್ಲಿಂದ? ವೈರಿಗೆ ತೋಡಿ ಮುಚ್ಚಿದ್ದಕ್ಕೆ ಹಳದಿಯಾದ ಹುಲ್ಲಿನ ಪಟ್ಟಿ ಎಲ್ಲಿಗೆ ಹೋಗುತ್ತೋ ಅಲ್ಲಿಂದ. ಶೆಡ್ಡಿನ ಸಾಕೆಟ್ಟಿಂದ, ನೇರ ಇನ್ನೂರ ಮೂವತ್ತು ವೋಲ್ಟು. ಸಣ್ಣ ದೀಪ ತೆಗೆದು, ಹೋಲ್ಡರ್ ಇಟ್ಟು, ಮನೇಲಿ ಹಾಕೋ ಒಂಬತ್ತು ವಾಟಿನ ಬಲ್ಬು ಹಾಕಿದ್ರು. ದೀಪ ಚೆನ್ನಾಗಿ ಉರೀತು. ಜೋಡಿಸಿದ ಜಾಗ ಲೋಹದ ಕೊಳವೆಯೊಳಗೆ. ಅದಕ್ಕೆ ಸುತ್ತಿದ್ದು ಬಟ್ಟೆಯ ಪ್ಲಾಸ್ಟರು. ದಿನಾ ಪೈಪಿನ ನೀರು ಕುಡಿದು ಅದು ಒದ್ದೆ ಬಟ್ಟೆ ಆಯ್ತು. ಕಂಬಕ್ಕೆ ಕರೆಂಟು ಇಳೀತು.”

“ನಾನಲ್ಲ,” ಎಂದರು ರೇಡಿಯೋ ಮಾವ ಮೆಲ್ಲಗೆ.

“ನೀವಲ್ಲ. ಐದು ಸುರುಳಿ ಕಪ್ಪು ಟೇಪು ಇಟ್ಕೊಂಡೋರು ಗಾಯದ ಪ್ಲಾಸ್ಟರು ಸುತ್ತಲ್ಲ.”

“ನಾನು,” ಎಂದರು ಹೆಡ್‌ಮೇಷ್ಟ್ರು. ಎದ್ದು ನಿಂತಿದ್ದರು. “ಎಲ್ಲ ನಾನೇ ಮಾಡಿದ್ದು. ಬರ್ಕೊಳ್ಳಿ.”

“ಕೂತ್ಕೊಳ್ಳಿ ಮೇಷ್ಟ್ರೇ. ಯಾರೂ ಮುಟ್ಟಿಲ್ಲ, ಹುಲ್ಲಿಗೆ ಗೆದ್ದಲು ಅಂದ ನೀವು ವೈರು ಕಿತ್ತವರು, ಹಾಕಿದವರಲ್ಲ. ಸಂಜೆ ಮನೇಲಿರೋರು ನೀವು, ದಿನಾ ಸ್ವಿಚ್ಚು ಹಾಕ್ತಿದ್ದವರೂ ನೀವು. ಆರಿಸ್ತಿದ್ದವರು ಮನೆಗೆ ಕೊನೇಲಿ ಬರೋರು. ರಾತ್ರಿ ಒಂಬತ್ತೂವರೆಗೆ ಆ ಮೆಟ್ಲು ಇಳಿದು, ಶೆಡ್ಡಿಗೆ ಹೋಗಿ ಆರಿಸಿ ಒಳಗೆ ಬರೋರು. ಸೋಮವಾರ ರಾತ್ರಿ ಯಾಕೆ ಆರಿಸ್ಲಿಲ್ಲ? ಚಾರ್ಟಲ್ಲಿದೆ. ಇನ್ನೊಬ್ಬಳು ನರ್ಸು ಬರ್ಲಿಲ್ಲ ಅಂತ ಮಧ್ಯಾಹ್ನದ ಡ್ಯೂಟಿ ಮೇಲೆ ರಾತ್ರಿ ಡ್ಯೂಟೀನೂ ಮಾಡಿದಾರೆ. ಅವರು ಮನೆಗೇ ಬರ್ಲಿಲ್ಲ. ದೀಪ ಬೆಳಗಿನವರೆಗೂ ಉರೀತಾನೇ ಇತ್ತು.”

ಮೇಡಂ ಸಿಸ್ಟರ್ ಕಡೆ ನೋಡಿದರು. ದನಿ ತಗ್ಗಿತು.

“ನನಗೆ ಮೊದಲೇ ಅನುಮಾನ ಬಂದಿದ್ದು ಬೇರೆ ಕಾರಣಕ್ಕೆ. ಕರೆಂಟು ಹೊಡೆದವನನ್ನ ಕಂಡ ಯಾರೇ ಆದ್ರೂ ಒಂದೋ ಹೋಗಿ ಅವನನ್ನ ಹಿಡೀತಾರೆ, ಇಲ್ಲ ಮನೆ ಮೇನ್ ಸ್ವಿಚ್ಚಿಗೆ ಓಡ್ತಾರೆ. ನೀವು ಎರಡೂ ಮಾಡ್ಲಿಲ್ಲ. ನೇರ ಶೆಡ್ಡಿಗೆ ಓಡಿದ್ರಿ. ನೀರು ತರ್ಲಿಲ್ಲ. ಸ್ವಿಚ್ಚು ಆರಿಸಿ ಬಂದ್ರಿ. ಕರೆಂಟು ಎಲ್ಲಿಂದ ಬರ್ತಿದೆ ಅಂತ ಆ ಕ್ಷಣದಲ್ಲಿ ಗೊತ್ತಿದ್ದದ್ದು ಹಾಕಿದವರಿಗೆ ಮಾತ್ರ.”

ಸಿಸ್ಟರ್ ನಿಧಾನವಾಗಿ ಜಾರಿ ನೆಲದ ಮೇಲೆ ಕುಳಿತಳು. “ಮೂರು ಸಲ ಫೋನ್ ಮಾಡ್ದೆ,” ಎಂದಳು. “ಸುಸ್ತಾಗಿತ್ತು ಮೇಡಂ. ದಿನಾ ಆ ಮೆಟ್ಲು. ಒಂಬತ್ತು ವಾಟು ಅಂದ್ರೆ ಏನ್ ಮಹಾ ಅಂದ್ಕೊಂಡೆ. ಡಬ್ಬಿ ಮೇಲೆ ಅಷ್ಟು ದೊಡ್ಡದಾಗಿ ಬರೆದಿರ್ತಾರೆ, ಕಡಿಮೆ ಕರೆಂಟು ಅಂತ. ಪ್ಲಾಸ್ಟರು ಬ್ಯಾಗಲ್ಲಿತ್ತು.”

“ಮತ್ತೆ ದೂರು?”

“ಅದು ನಾನು,” ಎಂದರು ಮೇಷ್ಟ್ರು. ಕತ್ತಿನ ಗುಂಡಿ ಬಿಚ್ಚಿಕೊಂಡರು. “ಅವಳು ಆಸ್ಪತ್ರೇಲಿದ್ಲು. ಅವಳು ಬರೋ ಮೊದಲು ಕಿತ್ತೆ, ಬರೆದೆ. ಮೂರು ಸಲ ಕರೆದ್ರೂ ಬರದೇ ಇದ್ದೋನು, ಅವನದೂ ತಪ್ಪಿದೆ ಅಂತ ನನಗೆ ನಾನೇ ಹೇಳ್ಕೊಂಡೆ.” ಸ್ಟೂಲಣ್ಣನ ಕಡೆ ನೋಡಲು ಯತ್ನಿಸಿ, ಆಗದೆ ನೆಲ ನೋಡಿದರು. ನಲವತ್ತು ವರ್ಷ ಬೇರೆಯವರ ಮಕ್ಕಳನ್ನು ತಲೆ ತಗ್ಗಿಸಿ ನಿಲ್ಲಿಸಿದ ಮನುಷ್ಯ. ನೋಡಲು ನನಗೆ ಸಂಕಟವಾಯಿತು.

“ಅಪ್ಪ ದೂರು ಕೊಟ್ಟಿದ್ದು ಇವತ್ತು ಬೆಳಿಗ್ಗೆ ಗೊತ್ತಾಯ್ತು,” ಎಂದಳು ಸಿಸ್ಟರ್. “ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.”

“ವರದಿ ಪೊಲೀಸರಿಗೂ ಹೋಗುತ್ತೆ,” ಎಂದರು ಮೇಡಂ. “ಅದಕ್ಕಿಂತ ಮೊದಲು ಹೋಗಬೇಕಾದ ಜಾಗ ಒಂದಿದೆ.”

ಆ ಜಾಗಕ್ಕೆ ಮರುದಿನ ಬೆಳಿಗ್ಗೆ ನಾವೂ ಹೋದೆವು, ಮಾಲಿಯ ಸಹಿ ಬೇಕಿತ್ತು. ಸ್ಟೂಲಣ್ಣ ಬಾಗಿಲ ಬಳಿ ನಿಂತಿದ್ದ. ಸಿಸ್ಟರ್ ಯೂನಿಫಾರ್ಮ್ ಇಲ್ಲದೆ ಬಂದಿದ್ದಳು. ಮಂಚದ ಪಕ್ಕ ನಿಂತು ಎಲ್ಲ ಹೇಳಿದಳು. ಮಾಲಿ ಬ್ಯಾಂಡೇಜು ಸುತ್ತಿದ ಕೈ ನೋಡುತ್ತ ಕೇಳಿಸಿಕೊಂಡ.

“ಗೊತ್ತು ಸಿಸ್ಟರಮ್ಮ,” ಎಂದ. “ವೈರಿಗೆ ಮಣ್ಣು ತೋಡಿಕೊಟ್ಟೋನು ನಾನೇ ಅಲ್ವಾ. ಏನೂ ಆಗಲ್ವಾ ಅಂತ ಕೇಳ್ದೆ. ಒಂಬತ್ತು ವಾಟು ಅಣ್ಣ, ಇರುವೆ ಕಚ್ಚಿದಷ್ಟೂ ಆಗಲ್ಲ ಅಂದ್ರಿ. ಅದಕ್ಕೇ ಒದ್ದೆ ಕೈಯಲ್ಲೇ ಹಿಡ್ಕೊಂಡೆ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಮತ್ತೆ ನಿನ್ನೆ ನಮಗೆ ಯಾಕೆ ಹೇಳ್ಲಿಲ್ಲ?” ಮೇಡಂ ಕೇಳಿದರು.

“ಹೇಗೆ ಹೇಳ್ಲಿ ಮೇಡಂ? ಕೆಡವಿದ್ದೂ ಇವ್ರೇ, ಎಬ್ಬಿಸಿದ್ದೂ ಇವ್ರೇ. ಎದೆ ಮೇಲೆ ಇವ್ರ ಕೈ ಇತ್ತು. ಕಣ್ಣು ಬಿಟ್ಟಾಗ ಕಂಡಿದ್ದು ಇವ್ರ ಮುಖ. ಜೀವ ಉಳೀತಲ್ಲ, ಬಿಡು, ಯಾರಿಗೂ ಏನೂ ನಷ್ಟ ಇಲ್ಲ ಅಂದ್ಕೊಂಡೆ.”

“ಮತ್ತೆ ನಾನು?”

ಬಾಗಿಲಿನಿಂದ ಬಂದ ಮಾತು. ಜೋರಾಗಿರಲಿಲ್ಲ. ಎಲ್ಲರೂ ತಿರುಗಿದರು. ನಿನ್ನೆ ಮಾಡದ ತಪ್ಪು ಒಪ್ಪಿಕೊಂಡು ಸಹಿ ಹಾಕಲು ಹೊರಟಿದ್ದ ಮನುಷ್ಯ ಮೊದಲ ಸಲ ತನಗಾಗಿ ಒಂದು ಪ್ರಶ್ನೆ ಕೇಳಿದ್ದ.

ಮಾಲಿ ಅವನನ್ನು ನೋಡಿದ.

“ನಿನ್ನ ಯೋಚನೆ ಬರ್ಲಿಲ್ಲ ಕಣಪ್ಪ,” ಎಂದ. “ನಿಜ ಹೇಳ್ತೀನಿ. ಬರ್ಲೇ ಇಲ್ಲ.”

ಸ್ಟೂಲಣ್ಣ ತಲೆಯಾಡಿಸಿದ. ಅದಕ್ಕಿಂತ ಹೆಚ್ಚಿನದನ್ನು ಅವನೂ ನಿರೀಕ್ಷಿಸಿರಲಿಲ್ಲವೆಂದು ತೋರಿತು. ಸ್ಟೂಲನ್ನು ಹೆಗಲಿಗೇರಿಸಿದ. ಇನ್ನೊಂದು ಹೆಗಲಿನಲ್ಲಿ ಹೊಸ ದಪ್ಪ ವೈರಿನ ಸುರುಳಿ ನೇತಾಡುತ್ತಿತ್ತು.

“ಸಿಸ್ಟರ್, ಇವತ್ತು ಮಧ್ಯಾಹ್ನ ಮನೇಲಿ ಯಾರಾದ್ರೂ ಇರ್ತಾರಾ?” ಎಂದು ಕೇಳಿದ. “ಎಂಟನೇ ದೀಪ ಮುಗಿಸಿಬಿಡ್ತೀನಿ.”

ಅವಳು ಹೌದೆಂದು ತಲೆ ಹಾಕಿದಳು.

ಜೀಪಿನಲ್ಲಿ ಫಾರಂ ತೆರೆದೆ. ಹತ್ತನೆಯ ಕಾಲಂ ‘ಅವಘಡಕ್ಕೆ ಕಾರಣ’. ಜಾಗ ಒಂದೇ ಸಾಲಿನದು. ಏನು ಬರೆಯಲಿ ಎಂದು ಕೇಳಿದೆ. ಮೇಡಂ ಟೆಸ್ಟರನ್ನು ತುರುಬಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಸೀಟಿಗೆ ಒರಗಿದರು.

“ಒಂದು ಸಾಲಲ್ಲಿ ಹಿಡಿಯಲ್ಲ,” ಎಂದರು. “ಇನ್ನೊಂದು ಹಾಳೆ ಲಗತ್ತಿಸಿ.”